ತೇಲುಹಾದಿಯ ಕೆಳಗಿನ ಊರು

ಬಂತು! ಪರೀಕ್ಷೆಗೆಂದು ಬಿಟ್ಟ, ಬಸ್ಸಿನಷ್ಟು ದೊಡ್ಡ ಸರಕುಪೆಟ್ಟಿಗೆ ಹಳಿಯಾಳದ ಕಾಡಿನ ಮೇಲೆ ಒಂದೆಲೆಯನ್ನೂ ಅಲುಗಿಸದೆ ತೇಲಿಬಂದು, ಸಿದ್ದಿಗಳ ಕೇರಿಯನ್ನು ದಾಟಿ ಬಂದರಿನತ್ತ ಸಾಗಿಯೇಬಿಟ್ಟಿತು. ಕಂಬವಿಲ್ಲ, ಹಳಿಯಿಲ್ಲ, ಚಕ್ರವಂತೂ ಇಲ್ಲವೇ ಇಲ್ಲ. ದೂರದ ಕಾಂತಗೋಪುರಗಳು ಗಾಳಿಯಲ್ಲೇ ಕಾಂತಬಲದ ಕಾಲುವೆಯೊಂದನ್ನು ತೆರೆಯುತ್ತಿದ್ದವು. ಪೆಟ್ಟಿಗೆ ಅದರಲ್ಲಿ ದೋಣಿಯಂತೆ ಹೋಗುತ್ತಿತ್ತು. ಇದೇ ತೇಲುಹಾದಿ. ಅದನ್ನು ಕಂಡುಹಿಡಿದ ಡಾ. ಶಾರ್ವರಿ ನಾಡಕರ್ಣಿ ಕುಣಿಯುವುದೊಂದು ಬಾಕಿ.

“ನೋಡಿದ್ರಾ ಅಕ್ಕಾ? ಒಂದು ಮರ ಕಡಿಯೋದಿಲ್ಲ, ಒಂದು ಗುಂಟೆ ನೆಲವೂ ಬೇಡ!”

ಕೇರಿಯ ಹಿರಿಯಳಾದ ಪಾಸ್ಕಿಣ ಸಿದ್ದಿ ಸೊಂಟದ ಮೇಲೆ ಕೈಯಿಟ್ಟಳು. “ಚಲೋ ಐತಿ ಬಾಯಾರ. ನೆಲ ಬ್ಯಾಡಂದ್ರ ನಮಗ್ಯಾಕ ಊರು ಖಾಲಿ ಮಾಡ್ರಿ ಅಂತೀರಿ?”

ಶಾರ್ವರಿಯ ಮುಖ ಸಪ್ಪಗಾಯಿತು. ವಿದ್ಯುತ್ತು ಕೈಕೊಟ್ಟರೆ ಪೆಟ್ಟಿಗೆ ಕೆಳಗೆ ಬೀಳುತ್ತದೆ. ಆದ್ದರಿಂದ ಹಾದಿಯ ಕೆಳಗೆ ಯಾರೂ ವಾಸಿಸಕೂಡದು. ಆಫ್ರಿಕದಿಂದ ಗುಲಾಮರಾಗಿ ಬಂದು, ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಈ ಸಿದ್ದಿಗಳು. ತಲೆಮಾರುಗಳಿಂದ ಇಲ್ಲೇ ಇದ್ದಾರೆ. ಆದರೆ ಪಟ್ಟಾ? ಕೇಳಿದಾಗಲೆಲ್ಲ ಕಚೇರಿಯದು ಒಂದೇ ರಾಗ: “ಸಾಕ್ಷಿ ಸಾಲದು.”

ಅಷ್ಟರಲ್ಲಿ ಆಕಾಶಹಾದಿ ಕಾಯ್ದೆ ಬಂತು. ಮೇಲೆ ಹಾದಿ ಹಾಯಬೇಕಾದರೆ ಕೆಳಗಿನ ನೆಲದ ಒಡೆಯರು ಒಪ್ಪಬೇಕು. ನೆಲ ಅರಣ್ಯವಾದರೆ ಅನುಮತಿ ದಿಲ್ಲಿಯಿಂದ ಬರಬೇಕು, ಅಂದರೆ ಮೊಮ್ಮಕ್ಕಳ ಕಾಲಕ್ಕೆ! ಊರಿನವರದಾದರೆ ಗ್ರಾಮಸಭೆಯ ಒಪ್ಪಿಗೆ ಸಾಕು. ತೇಲುಹಾದಿ ಕಂಪನಿಯ ವಕೀಲ ಪದ್ಮರಾಜ ಉಪಾಧ್ಯೆ ತೊಡೆ ತಟ್ಟಿದ. “ಇದು ಕಾಡೇ ಅಲ್ಲ, ಸಿದ್ದಿಗಳ ನೆಲ! ಮೊದಲು ಪಟ್ಟಾ ಕೊಡಿಸೋಣ. ಆಮೇಲೆ ಪರಿಹಾರ ಕೊಟ್ಟರೆ ಸಹಿ ಹಾಕಿ ಹೊರಡ್ತಾರೆ.”

ಆಹಾ, ಆಗ ನೋಡಬೇಕಿತ್ತು ಓಡಾಟ! ಕಂಪನಿಯ ತಜ್ಞರೇ ಸಮಾಧಿಗಳ ಕಾಲ ಅಳೆದರು, ಹಳೆಯ ಒಲೆಗಳ ಬೂದಿ ಕೆದಕಿದರು, ನೆಟ್ಟ ಹಲಸಿನ ಮರಗಳ ವಯಸ್ಸು ಹೇಳಿದರು. ನಿದ್ದೆ ಹೊಡೆಯುತ್ತಿದ್ದ ಕಚೇರಿ ಎದ್ದು ಕೂತಿತು. ಪಟ್ಟಾ ಕೈಗೆ ಬಂದಾಗ ಪಾಸ್ಕಿಣ ಗಳಗಳನೆ ಅತ್ತಳು. “ನಮ್ಮವ್ವ ಇರಬೇಕಿತ್ತು, ನೋಡಾಕ.”

ಗ್ರಾಮಸಭೆ ಸೇರಿತು. ವಕೀಲ ನಗುನಗುತ್ತ ಪೆನ್ನು ಚಾಚಿದ.

“ಒಲ್ಲೆವ್ರಿ,” ಎಂದಳು ಪಾಸ್ಕಿಣ.

“ಏನಮ್ಮಾ ಇದು? ಪಟ್ಟಾ ಕೊಡಿಸಿದ್ದೇ ನಾವು!”

“ಹೌದ್ರಿ ಸಾಹೇಬ್ರ, ನಿಮ್ಮ ಉಪಕಾರ ಮರೆಯಂಗಿಲ್ಲ. ಆದ್ರ ನಮ್ಮ ಹಿರಿಯರು ಇಲ್ಲೇ ಮಲಗ್ಯಾರ ಅಂತ ನೀವ ತೋರಿಸಿ ಕೊಟ್ರಲ್ಲ? ಅವರನ್ನ ಬಿಟ್ಟು ಹ್ಯಾಂಗ ಎದ್ದು ಹೋಗೂದು?”

ಸಭೆಗೆ ಸಭೆಯೇ ಹೋ ಎಂದಿತು. ಯಾರೋ ಡಮಾಮಿ ಬಾರಿಸತೊಡಗಿದರು. ತನ್ನ ಹಾದಿಯೇ ತಪ್ಪಿಹೋಯಿತೆಂಬುದನ್ನೂ ಮರೆತು ಶಾರ್ವರಿ ಚಪ್ಪಾಳೆ ತಟ್ಟಿದಳು. ವಕೀಲ ಅವಳನ್ನು ದುರುಗುಟ್ಟಿ ನೋಡಿದ.

ಕಾಂತಬಲದ ಕಾಲುವೆಯನ್ನು ಬಾಗಿಸುವುದು ಅವಳಿಗೆ ದೊಡ್ಡ ಮಾತಲ್ಲ. ಕಾಡೂ ಜನವೂ ಇಲ್ಲದ ಬಂಡೆಗುಡ್ಡಗಳ ಮೇಲೆ ಹೊಸ ಹಾದಿಯ ನಕ್ಷೆ ತಯಾರಾಯಿತು. ಸುದ್ದಿ ಹಬ್ಬಿದ ಮರುದಿನವೇ ಅವಳ ಕಚೇರಿಯ ಮುಂದೆ ಜನಜಾತ್ರೆ: ಕುಣಬಿಗಳು, ಗೌಳಿಗಳು, ಬೇರೆ ಕೇರಿಗಳ ಸಿದ್ದಿಗಳು. ‘ಮುಗೀತು ಕಥೆ, ಧರಣಿ ಬಂತು’ ಎಂದುಕೊಂಡು ಅಳುಕುತ್ತಲೇ ಹೊರಗೆ ಬಂದಳು.

ಮುಂದೆ ನಿಂತಿದ್ದ ಗೌಳಿಗಳ ಮುಖ್ಯಸ್ಥ ಢೋಂಡಿಬಾ ಕೈ ಮುಗಿದ.

“ಬಾಯಾರ, ನಿಮ್ಮ ಹಾದಿ ನಮ್ಮ ಗೌಳಿವಾಡದ ಮ್ಯಾಲೂ ಒಂದ್ಸಲ ಬರಲಿ. ಪಟ್ಟಾ ಕೈಗೆ ಬಂದ ಕೂಡ್ಲೇ ಒಲ್ಲೆ ಅಂತೀವಿ!”