ಸ್ಪ್ಯಾಮ್ ಸೇರಿದ ಉತ್ತರಗಳು

ಎರಡು ಸೂಟ್‌ಕೇಸ್ ಎಳೆದುಕೊಂಡು ಬಂದ ಯುವಕ ನೇರವಾಗಿ ಅವಳ ಮೇಜಿನ ಮುಂದೆ ನಿಂತ. ಫಲಕದ ಮೇಲಿದ್ದ ‘ನಿವೇದಿತಾ ಹಿರೇಮಠ’ ಎಂಬ ಹೆಸರು ಓದಿ ಕನ್ನಡದಲ್ಲೇ ಕೇಳಿದ.

“ಎಷ್ಟು ಸಲ ಮೇಲ್ ಹಾಕಿದೀನಿ. ಒಂದಕ್ಕಾದ್ರೂ ಉತ್ತರ ಕೊಡ್ಬೇಕು ಅನ್ನಿಸ್ಲಿಲ್ವಾ ನಿಮಗೆ?”

ದನಿಯಲ್ಲಿ ಸಿಟ್ಟಿತ್ತು, ಪ್ರಯಾಣದ ಆಯಾಸವೂ ಇತ್ತು. ಬೇರೆ ಯಾರಾದರೂ ಬೆಚ್ಚುತ್ತಿದ್ದರು. ನಿವೇದಿತಾಗೆ ಏನೂ ಅನಿಸಲಿಲ್ಲ... ಅಮ್ಮ ಹೋದ ಮೇಲೆ ಅವಳಿಗೆ ಯಾವುದಕ್ಕೂ ಏನೂ ಅನಿಸುತ್ತಿರಲಿಲ್ಲ.

ಸ್ವೀಡನ್ನಿನ ಲುಂಡ್‌ಗೆ ಹೊರದೇಶಗಳಿಂದ ಬರುವ ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಬಾಡಿಗೆ ಕೋಣೆ ಹುಡುಕಿಕೊಡುವ ಸಣ್ಣ ಸಂಸ್ಥೆ ಅದು. ಅಲ್ಲಿನ ಸರ್ವರ್, ಮೇಲ್ ವ್ಯವಸ್ಥೆ ಎಲ್ಲವೂ ಅವಳ ಜವಾಬ್ದಾರಿ. ಯುವಕನ ಹೆಸರು ಪ್ರಹ್ಲಾದ. ಸಂಶೋಧನೆಗೆಂದು ಬೆಂಗಳೂರಿನಿಂದ ಆಗಷ್ಟೇ ಬಂದಿಳಿದಿದ್ದ. ಅವನ ಪ್ರತಿ ಮೇಲ್‌ಗೂ, ಕೋಣೆ ಬೇಕಿದ್ದರೆ ಒಪ್ಪಿಗೆ ತಿಳಿಸಿ ಎಂದು ಸಂಸ್ಥೆಯಿಂದ ಉತ್ತರ ಹೋಗಿತ್ತು. ಒಪ್ಪಿಗೆ ಬರಲಿಲ್ಲ. ಕೋಣೆ ಬೇರೊಬ್ಬರ ಪಾಲಾಗಿತ್ತು.

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಕಳಿಸಿದ್ದೇವೆ, ನೀವೇ ನೋಡಿಲ್ಲ ಎಂದಳು. ಸುಳ್ಳು ಎಂದು ಅವನು ಫೋನ್ ತೆಗೆದು ತೋರಿಸಿದ. ಇನ್‌ಬಾಕ್ಸ್‌ನಲ್ಲಿ ಒಂದೂ ಇರಲಿಲ್ಲ. ಸ್ಪ್ಯಾಮ್ ತೆರೆಯಿರಿ ಎಂದಳು.

ಎಲ್ಲ ಉತ್ತರಗಳೂ ಅಲ್ಲೇ ಬಿದ್ದಿದ್ದವು.

ಅವನು ಕುರ್ಚಿಯಲ್ಲಿ ಕುಸಿದ. ಅವಳು ಕೀಬೋರ್ಡ್ ಎಳೆದುಕೊಂಡಳು.

ಮೇಲ್ ಬಂದಾಗ ಅದನ್ನು ಪಡೆಯುವ ಸರ್ವರ್ ಮೊದಲು ಅಂತರ್ಜಾಲದ ಹೆಸರು-ವಿಳಾಸಗಳ ಪಟ್ಟಿಯಾದ ಡಿಎನ್ಎಸ್‌ನಲ್ಲಿ ವಿಚಾರಿಸುತ್ತದೆ: ಈ ಸಂಸ್ಥೆಯ ಹೆಸರಿನಲ್ಲಿ ಬರೆಯಲು ಈ ಸರ್ವರ್‌ಗೆ ಅನುಮತಿ ಇದೆಯೇ? ಆ ಅನುಮತಿ ಹೇಳುವ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಇಲ್ಲಿ ಎರಡಿದ್ದವು. ಹೊಸ ಸರ್ವರ್‌ಗೆ ಬದಲಾದಾಗ ಅವಳು ಹೊಸ ಸಾಲು ಸೇರಿಸಿದ್ದಳು, ಹಳೆಯದನ್ನು ಅಳಿಸಿರಲಿಲ್ಲ. ಹಾಗಾದರೆ ಎರಡೂ ಲೆಕ್ಕಕ್ಕಿಲ್ಲ. ಸಾಲದ್ದಕ್ಕೆ, ಹೊಸ ಸರ್ವರ್‌ನ ವಿಳಾಸ ಹಿಡಿದು ಹುಡುಕಿದರೆ ಹೆಸರೇ ಸಿಗುತ್ತಿರಲಿಲ್ಲ. ರಿವರ್ಸ್ ಡಿಎನ್ಎಸ್ ಹಾಕಿಸುವುದನ್ನೂ ಮರೆತಿದ್ದಳು.

“ತಪ್ಪು ನಂದೇ,” ಎಂದಳು. ಹವಾಮಾನ ಹೇಳುವಂತಿತ್ತು ಆ ದನಿ. “ಅಮ್ಮ ತೀರ್ಕೊಂಡಿದ್ರು. ದಾವಣಗೆರೆಯಲ್ಲಿ ಕಾರ್ಯ ಮುಗಿಸಿ ಬಂದ ವಾರ ಮಾಡಿದ್ದು ಇದು.”

ಪ್ರಹ್ಲಾದ ಫೋನನ್ನು ಜೇಬಿಗೆ ಹಾಕಿಕೊಂಡ.

ಹಳೆಯ ಸಾಲು ಅಳಿಸಿದಳು. ರಿವರ್ಸ್ ಡಿಎನ್ಎಸ್‌ಗಾಗಿ ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದಳು. ಸಹೋದ್ಯೋಗಿ ಶೋಭನಾಳ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು; ಅವನನ್ನು ಅಲ್ಲಿಗೆ ಕಳಿಸಿದಳು. ಉತ್ತರ ತಲುಪದ ಉಳಿದವರಿಗೆಲ್ಲ ತಾನೇ ಫೋನ್ ಮಾಡುತ್ತ ಕುಳಿತಳು. ಕೆಲವರು ಬೈದರು. ಒಬ್ಬ ಹುಡುಗಿ ಅತ್ತಳು. ನಿವೇದಿತಾ ಎಲ್ಲರಿಗೂ ಕ್ಷಮೆ ಕೇಳಿದಳು. ಒಳಗೆ ಏನೂ ಅಲುಗಲಿಲ್ಲ.

ಸರಿಯಾಯಿತೇ ಎಂದು ನೋಡಲು ಮರುದಿನ ಪ್ರಹ್ಲಾದನಿಗೇ ಒಂದು ಪರೀಕ್ಷೆಯ ಮೇಲ್ ಕಳಿಸಿದಳು. ಇನ್‌ಬಾಕ್ಸ್‌ಗೇ ಬಂದಿದೆ ಎಂದು ಬರೆದ. ಜೊತೆಗೆ, ನೀವು ಊಟ ಮಾಡಿದಿರಾ ಎಂದೂ ಕೇಳಿದ್ದ.

ಹಾಗೆ ಶುರುವಾಯಿತು. ಅವನು ದಿನವೂ ಬರೆಯುತ್ತಿದ್ದ: ಪ್ರಯೋಗಾಲಯದ ಸುದ್ದಿ, ಕೊಂಡ ಹಳೆ ಸೈಕಲ್ಲು, ಅಲ್ಲಿನ ಗುರುತಿನ ಸಂಖ್ಯೆ ಪರ್ಸೊನ್‌ನುಮ್ಮರ್ ಇನ್ನೂ ಬಾರದೆ ಬ್ಯಾಂಕ್ ಖಾತೆ ತೆರೆಯಲಾಗದ ಪಾಡು. ಶನಿವಾರ ಫೀಕಾಗೆ, ಅಂದರೆ ಕಾಫಿ-ತಿಂಡಿಯ ಹರಟೆಗೆ, ಕರೆಯುತ್ತಿದ್ದ. ಅವಳು ಹೋಗುತ್ತಿದ್ದಳು, ಕಾಫಿ ಕುಡಿಯುತ್ತಿದ್ದಳು, ಅವನು ಹೇಳಿದ್ದಕ್ಕೆಲ್ಲ ‘ಸರಿ’ ಎನ್ನುತ್ತಿದ್ದಳು.

ಒಂದು ವಾರ ಮೇಲ್ ಬರಲಿಲ್ಲ.

ಸರ್ವರ್ ಕೆಟ್ಟಿದೆ ಎಂದುಕೊಂಡಳು. ಲಾಗ್ ನೋಡಿದಳು, ಡಿಎನ್ಎಸ್ ಮತ್ತೆ ಪರೀಕ್ಷಿಸಿದಳು, ತನ್ನ ಸ್ಪ್ಯಾಮ್ ಫೋಲ್ಡರನ್ನು ಕೊನೆಯವರೆಗೂ ಹುಡುಕಿದಳು. ಎಲ್ಲವೂ ಸರಿಯಿತ್ತು. ಎಲ್ಲರ ಮೇಲ್‌ಗಳೂ ಬರುತ್ತಿದ್ದವು.

‘ಅವನು ಬರೆದೇ ಇಲ್ಲ...’

ಎದೆಯಲ್ಲಿ ಎಲ್ಲೋ ಸಣ್ಣಗೆ ನೋವಾಯಿತು. ನೋವು ಎಂದರೆ ಹೀಗಿರುತ್ತದೆ ಎಂಬುದೇ ಅವಳಿಗೆ ಮರೆತಂತಾಗಿತ್ತು. ಕೋಟು ಹಾಕಿಕೊಂಡು ಸೈಕಲ್ ಹತ್ತಿದಳು.

ಪ್ರಯೋಗಾಲಯದ ಬಾಗಿಲಲ್ಲಿ ಅವಳನ್ನು ಕಂಡು ಅವನು ಹೊರಗೆ ಬಂದ.

“ಬರೆಯೋದು ನಿಲ್ಲಿಸಿಬಿಟ್ರಿ,” ಎಂದಳು.

“ನಿಮಗೆ ಬೇಡ ಅನ್ಕೊಂಡೆ. ಕಾಫಿಗೆ ಕರೆದ್ರೂ ಸರಿ ಅಂತೀರಿ, ಹೊರಟೆ ಅಂದ್ರೂ ಸರಿ ಅಂತೀರಿ. ನನ್ನನ್ನ ಸಹಿಸ್ಕೊಳ್ತಿದೀರಿ ಅನ್ನಿಸ್ತು.”

“ಎಲ್ಲದಕ್ಕೂ ಹಾಗೇ ಆಗಿದೆ ನನಗೆ. ಅಮ್ಮ ಹೋದಾಗ್ಲೂ ಅಳು ಬರ್ಲಿಲ್ಲ.” ಅವಳು ತಡವರಿಸಿದಳು. “ನೀವಂದ್ರೆ ಇಷ್ಟ ಅಂತ ಹೇಳೋಕೆ ಬಂದೆ... ಆದ್ರೆ ಖುಷಿ ಥರ ಇಲ್ಲ ಅದು.”

“ಮತ್ತೆ ಹೇಗಿದೆ?”

“ದಾರೀಲಿ ಬರ್ತಾ ಹಸಿವಾಯ್ತು. ಬಹಳ ದಿನ ಆಗಿತ್ತು, ಹಸಿವು ಅಂತ ಗೊತ್ತಾಗಿ. ನಿಮ್ಮ ಜೊತೆ ಕೂತು ತಿನ್ಬೇಕು ಅನ್ನಿಸ್ತು. ಅಷ್ಟೇ ಇರೋದು ನನ್ನ ಹತ್ರ.”

ಪ್ರಹ್ಲಾದ ಚಳಿಗೆ ಕೆಂಪಾಗಿದ್ದ ಅವಳ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಅಷ್ಟು ಸಾಕು. ನಾನು ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೆ ಉತ್ತರ ಇವತ್ತೇ ಬೇಡ.” ಆಮೇಲೆ ಕೇಳಿದ, “ಏನು ತಿಂತೀರಿ?”

“ಬಿಸಿ ಅನ್ನ, ಸಾರು.”

“ನನಗೆ ಸಾರು ಮಾಡೋಕೆ ಬರಲ್ಲ.”

“ನಾನು ಮಾಡ್ತೀನಿ. ನಡಿ.”

ಬಹುವಚನ ಬಿಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ. ಅವನಿಗೆ ತಿಳಿಯಿತು.

“ನಡಿ,” ಎಂದ ಅವನೂ.