ದಾಳಿಂಬೆ ಸಿಪ್ಪೆಯ ಕಪ್ಪು ಹಂಡೆ

ನೀಲಾಬಾಯಿ ಹಂಡೆಯ ಮುಚ್ಚಳ ತೆಗೆದವಳೇ ಚೀರಿದಳು. ಜೇನಿನ ಬಣ್ಣವಿರಬೇಕಾದ ನೀರು ಕಾಡಿಗೆಯಾಗಿತ್ತು. ಅದರಲ್ಲಿ ಅದ್ದಿಟ್ಟ ನೂಲಿನ ಲಡಿಗಳೂ ಕಪ್ಪು.

ಹವಾಲ್ದಾರ ಭೀಮಶಾ ಬಂದಾಗ ವಳಸಂಗದ ಅರ್ಧ ಊರೇ ಬಣ್ಣದ ಶೆಡ್ಡಿನ ಬಾಗಿಲಲ್ಲಿತ್ತು. ಅಕ್ಕಲಕೋಟೆಯಲ್ಲಿ ಸ್ವಾಮಿಯ ದರ್ಶನ ಮುಗಿಸಿ ನೆಟ್ಟಗೆ ಬಂದಿದ್ದ. ಕೈಯಲ್ಲಿ ತೀರ್ಥದ ತಂಬಿಗೆ.

"ಏನಿದು ಅಕ್ಕಾರ?"

"ಸಿಪ್ಪಿ ನೀರ್ರಿ. ಒಡೆದ ದಾಳಿಂಬ್ರಿ ಪ್ಯಾಟ್ಯಾಗ ಯಾರೂ ಒಯ್ಯಂಗಿಲ್ಲ. ಕಾಳು ಬಿಡಿಸಿ ಸಿಪ್ಪಿ ತಿಪ್ಪಿಗೆ ಒಗೀತಿದ್ರು. ನಾವು ಹೆಣ್ಮಕ್ಕಳು ಅದನ್ನ ಒಣಗಿಸಿ, ಕುದಿಸಿ, ನೂಲಿಗೆ ಹಳದಿ ಬಣ್ಣ ಹಾಕ್ತೀವಿ. ಇವತ್ತ ಸೊಲ್ಲಾಪುರದ ಕಲ್ಯಾಣಪ್ಪ ಸಾವಕಾರ್ರು ನೂಲು ನೋಡಾಕ ಬರ್ತಾರ. ಅವರು ಒಲ್ಲೆ ಅಂದ್ರ ಶೆಡ್ಡಿಗೆ ಕೀಲಿನ."

"ಕಪ್ಪ ಹೆಂಗಾತು?"

"ಕಬ್ಬಿಣ ತಾಕ್ಯಾದ. ಈ ನೀರಿಗೆ ಅದು ಆಗಂಗಿಲ್ಲ. ಅದಕ್ಕ ತಾಮ್ರದ ಹಂಡೆ, ಕಟ್ಟಿಗಿ ಕೋಲು. ಒಳಗ ಬರೂಮುಂದ ಸೀರಿ ಪಿನ್ನೂ ತೆಗೆದಿಡ್ತೀವ್ರಿ."

ಭೀಮಶಾ ಆಕೆಯ ಕೈ ನೋಡಿದ. ಮೊಣಕೈವರೆಗೆ ಅರಿಷಿಣ ಬಳಿದ ಹಾಗಿತ್ತು. ತಿಪ್ಪೆಯ ಸಿಪ್ಪೆಯೊಳಗೆ ಇಷ್ಟು ಬಂಗಾರ ಬಚ್ಚಿಟ್ಟವನು ಯಾರಪ್ಪಾ ಎಂದು ಮನಸ್ಸಿನಲ್ಲೇ ಕೈಮುಗಿದ.

* * *

ಭೀಮಶಾ ಹಂಡೆಗೆ ಕೋಲು ಹಾಕಿ ತಳ ಕೆದಕಿದ. ತುಕ್ಕು ಹಿಡಿದ ಸರಪಳಿ ಮೇಲೆ ಬಂತು.

"ಅದು ಗೊಲ್ಲಾಳಪ್ಪನ ಎಮ್ಮಿ ಸರಪಳಿ," ಎಂದ ಶೈಲೇಶ. ಊರಿನ ಅಳಿಯ, ವಿಜಾಪುರ ರಸ್ತೆಯಲ್ಲಿ ರಾಸಾಯನಿಕ ಬಣ್ಣದ ಅಂಗಡಿ. "ನಾ ಅಂತೂ ಈ ಶೆಡ್ಡಿನ ಹೊಸ್ತಿಲಾ ತುಳಿದಿಲ್ಲ."

"ಏ ಅಳಿಯಾ! ಮಾವನ ಮನಿ ಹೋಳಿಗಿ ಉಂಡು ನಾಲಿಗಿ ಭಾಳ ಉದ್ದ ಆಗ್ಯಾದ!" ಪಕ್ಕದ ಕೊಟ್ಟಿಗೆಯ ಗೊಲ್ಲಾಳಪ್ಪ ಹಾರಾಡಿದ. "ಸರಪಳಿ ನಂದ. ನಿನ್ನಿ ಸಂಜಿಂದ ಕಂಡಿಲ್ಲ."

"ಸಿಪ್ಪಿ ನೊಣ ಎಮ್ಮಿಗೆ ಮುತ್ತತಾವಂತ ನಿನ್ನಿ ಜಗಳ ಮಾಡಿದವ ನೀನ ಅಲ್ಲೇನು?" ಎಂದಳು ನೀಲಾಬಾಯಿ.

ಭೀಮಶಾ ಗೊಲ್ಲಾಳಪ್ಪನ ಎರಡೂ ತೋಳು ತಿರುಗಿಸಿ ನೋಡಿದ. ಸೆಗಣಿ ಇತ್ತು. ಹಳದಿ ಇರಲಿಲ್ಲ.

ಅಷ್ಟರಲ್ಲಿ ಸಾವಕಾರರ ಕಾರು ಬಂತು. ನೀಲಾಬಾಯಿಯ ಮುಖ ಬಾಡಿತು.

"ಮೊದಲ ಎಲ್ಲಾರೂ ತೀರ್ಥ ತಗೊಳ್ರಿ," ಎಂದ ಭೀಮಶಾ.

ಒಬ್ಬೊಬ್ಬರೇ ಬಲಗೈ ಚಾಚಿದರು. ಶೈಲೇಶನ ಬಲಗೈ ಅಷ್ಟೊತ್ತೂ ಪ್ಯಾಂಟಿನ ಜೇಬಿನಲ್ಲಿತ್ತು. ತೀರ್ಥ ಎದುರಿಗೆ ಬಂದಾಗ ಅದು ತಾನಾಗಿಯೇ ಹೊರಬಂತು. ಎಡಗೈಯಲ್ಲಿ ತೀರ್ಥ ಹಿಡಿಯುವ ರೂಢಿ ಯಾರಿಗಿದೆ?

ಅಂಗೈ ಹಳದಿ. ಅಂಗಿಯ ತೋಳು ಸರಿಸಿದರೆ ಮೊಣಕೈವರೆಗೂ ಹಳದಿ. ನಡುಬೆರಳಿನ ಬುಡದಲ್ಲಿ ಕಪ್ಪು ಬಳೆಯಂಥ ಗುರುತು.

"ಶನಿ ಕಾಟಕ್ಕ ಹಾಕ್ಕೊಂಡ ಕುದುರಿ ನಾಲದ ಉಂಗುರ ಎಲ್ಲಿ ಬಿಚ್ಚಿಟ್ರಿ, ಅಳಿಯಂದ್ರ?" ಎಂದು ಭೀಮಶಾ ಕೇಳಿದ.

ಶೈಲೇಶ ಕೈಯನ್ನು ಮತ್ತೆ ಜೇಬಿಗೆ ಸೇರಿಸಲು ನೋಡಿದ.

"ಸರಪಳಿ ಎತ್ತಿ ಒಗೆದಿದ್ರ ತಾಮ್ರದ ಹಂಡೆ ಗಂಟಿ ಹೊಡೆದಂಗ ಆಗ್ತಿತ್ತು," ಎಂದ ಭೀಮಶಾ. "ರಾತ್ರಿ ಗ್ವಾಡಿ ಆಚಿಗೆ ಅಕ್ಕಾರು ಮಲಗಿದ್ರು. ಅದಕ್ಕ ಕೈ ಮುಳುಗಿಸಿ ತಳಕ್ಕ ಇಳಿಸಿದ್ರಿ. ನೀರು ಆವಾಗಿನ್ನೂ ಹಳದಿ, ಕೈಯೂ ಹಳದಿ ಆತು. ಉಂಗುರ ಕಬ್ಬಿಣ, ಅದರ ಕೆಳಗ ಕಪ್ಪಾತು. ಹೊಸ್ತಿಲಾ ತುಳಿಯದವ್ರಿಗೆ ಈ ಬಣ್ಣ ಎಲ್ಲಿಂದ ಬಂತು?"

"ಸಾವಕಾರ್ರು ನನ್ನ ಮಾಲ ಬಿಟ್ಟು ಈ ಕಸ ತಗೊಂಡ್ರ ನನ್ನ ಅಂಗಡಿ ಮುಚ್ಚಬೇಕಾಗ್ತದ," ಎಂದ ಶೈಲೇಶ.

* * *

ಕಲ್ಯಾಣಪ್ಪ ಸಾವಕಾರರು ಕಪ್ಪು ಲಡಿಯೊಂದನ್ನು ಹಿಂಡಿಸಿ, ಜಾಲಿಸಿ, ಒದ್ದೆ ಕರವಸ್ತ್ರದಿಂದ ತಿಕ್ಕಿದರು. ಬಟ್ಟೆಗೆ ಚೂರೂ ಹತ್ತಲಿಲ್ಲ. ನೂಲಿಗೆ ಮಳೆ ಹೊತ್ತ ಮೋಡದ ಬಣ್ಣ.

"ಹಳದಿ ತೋರಸ್ರಿ."

"ಅದ ಕೆಟ್ಟು ಹೋಗ್ಯಾದಲ್ರೀ ಸಾವಕಾರ್ರ..."

"ಸಿಪ್ಪಿ ತೀರ್ಯಾವೇನು?"

ನೀಲಾಬಾಯಿ ಹಿತ್ತಲಿನತ್ತ ನೋಡಿದಳು. ಅಲ್ಲಿ ಸಿಪ್ಪೆಯ ಗುಡ್ಡವೇ ಬಿದ್ದಿತ್ತು. ಆಕೆಗೆ ನಗು ಬಂತು. ಒಲೆ ಹೊತ್ತಿಸಿ ಇನ್ನೊಂದು ಹಂಡೆ ಏರಿಸಿದಳು.

ಸಾವಕಾರರು ಚೀಲದ ಮೇಲೆ ಕೂತರು. ಊಟದ ಹೊತ್ತು ಮೀರಿದರೂ ಏಳಲಿಲ್ಲ. ಒಣ ಸಿಪ್ಪೆ ನೀರಿಗೆ ಬಣ್ಣ ಬಿಡುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಹಳದಿ ಲಡಿ ಮೇಲೆದ್ದು ಕಪ್ಪು ಲಡಿಯ ಪಕ್ಕ ತೂಗಿದಾಗ ಎದ್ದು ನಿಂತು, ಕಾಲಿನ ಚಪ್ಪಲಿ ಕಳಚಿ ಹೊರಗಿಟ್ಟರು.

"ಎರಡೂ ಬೇಕ್ರಿ ಅಕ್ಕಾರ," ಎಂದರು, ಗುಡಿಯಲ್ಲಿ ಮಾತಾಡುವಷ್ಟು ಮೆಲ್ಲಗೆ.