ಎಡಕ್ಕೆ ಎಳೆಯುವ ತಿರುವು

ನಮ್ಮ ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕಿನ ಟೈರುಗಳು ಪೂರ್ತಿ ಬೋಳಾಗಿದ್ದವು. ಮಗಳನ್ನು ಅದರಲ್ಲೇ ಗುಡ್ಡ ದಾಟಿಸಿ ಶಾಲೆಗೆ ಬಿಡುವವನು ನಾನು. ಜಾರಿದರೆ ಕೆಳಗೆ ಕಮರಿ. ಇಂಥ ಗಾಡಿಗೆ ನಾಲ್ಕೂ ಚಕ್ರ ಒಂದೇ ಅಳತೆಯವು ಬೇಕು. ಹಳೆಯ ಸಾಮಾನಿನ ಅಂಗಡಿಯಲ್ಲಿ ರಿಮ್ ಸಮೇತ ಹೊಂದುವ ಸೆಟ್ಟು ಒಂದೇ ಇತ್ತು. ನೆರಳಲ್ಲಿಟ್ಟಿದ್ದರೂ ಮುಟ್ಟಿದರೆ ಬಿಸಿ, ಈಗಷ್ಟೇ ದೂರದಿಂದ ಓಡಿ ಬಂದಂತೆ.

"ಏನಣ್ಣ, ಜ್ವರ ನೋಡ್ತಿದೀರಾ?" ಎಂದು ಅಂಗಡಿಯವನು ನಕ್ಕ. ನಾನೂ ನಕ್ಕು ಕೊಂಡುಕೊಂಡೆ.

ಮರುದಿನ ಗುಡ್ಡದ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ಎಡಕ್ಕೆ, ಕಮರಿಯ ಕಡೆಗೆ ಎಳೆಯಿತು. ಮಗಳು ಗಟ್ಟಿಯಾಗಿ ನನ್ನ ತೋಳು ಹಿಡಿದಳು.

ಮೆಕ್ಯಾನಿಕ್ ಅಲೈನ್‌ಮೆಂಟ್ ನೋಡಿ, ಅದೇ ದಾರಿಯಲ್ಲಿ ಓಡಿಸಿಕೊಂಡು ಬಂದ. "ದಾರ ಹಿಡಿದಂಗೆ ಹೋಗ್ತಿದೆ ಸಾರ್. ನೀವು ಸ್ವಲ್ಪ ನಿದ್ದೆ ಮಾಡಿ," ಎಂದ. ನಿಜ, ನಾನೊಬ್ಬನೇ ಹೋದಾಗಲೂ ಎಳೆಯಲಿಲ್ಲ. ಮಗಳು ಪಕ್ಕದಲ್ಲಿ ಕೂತರೆ ಮಾತ್ರ ಎಳೆಯುತ್ತಿತ್ತು.

ಚಕ್ರಗಳನ್ನು ಬಿಚ್ಚಿಸಿ ಅಂಗಡಿಗೇ ಹಿಂದಿರುಗಿಸಿದೆ. ಮಗಳನ್ನು ಶಾಲೆಯ ಬಸ್ಸಿಗೆ ಹಾಕಿದೆ. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ.

ಇಂದು ಸಂಜೆ ಶೂ ಬಿಚ್ಚುತ್ತಾ ಅವಳು ಕೇಳಿದಳು: "ಅಪ್ಪಾ, ಆ ತಿರುವಲ್ಲಿ ಬಸ್ಸೂ ಯಾಕೆ ಎಡಕ್ಕೆ ಎಳೆಯುತ್ತೆ?"